ಬೂದಿಹಾಳದ ಎಲುಬಿಗೆ ಜಾತಿಯಿಲ್ಲ

ಯಾದಗಿರಿ ಸೀಮೆಯಲ್ಲಿ ಚರಿತ್ರೆ ಅಂದರೆ ಸುರಪುರದ ನಾಯಕರು, 1857-58ರ ಬಂಡಾಯ, ಶಹಾಪುರದ ಬುದ್ಧ ಮಲಗಿದ ಬೆಟ್ಟ. ಕೇರಿಯ ಮಂದಿಯ ಚರಿತ್ರೆ ಕೇಳಿದರೆ 'ಅವರದೇನದ, ಹುಟ್ಟುಗುಣ' ಅಂತ ಮಾತು ಮುಗಿಸುತ್ತಾರೆ. ಈ ಹುಟ್ಟುಗುಣದ ವಾದವನ್ನು ನಮ್ಮ ನೆಲವೇ ಸುಳ್ಳು ಮಾಡುತ್ತದೆ ಎಂಬುದು ನನ್ನ ಮಾತು.

ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ನಡೆಸಿದರು. ಅಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳ ನೆಲೆ ಸಿಕ್ಕಿತು: ಸಗಣಿ ಸುಟ್ಟ ಬೂದಿಗುಡ್ಡ, ದನದ ದೊಡ್ಡಿ, ದನ ಕೊಯ್ಯುತ್ತಿದ್ದ ಜಾಗ. ದನ ಸಾಕುವುದು, ಕೊಯ್ಯುವುದು, ತಿನ್ನುವುದು ಅಲ್ಲಿ ಒಂದೇ ಬದುಕು. ಸಾಕುದನವಾದರೂ ಮುಗಿಲಿನಿಂದ ಇಳಿದದ್ದಲ್ಲ. ಯಾವ ಹೋರಿಯನ್ನು ತಳಿಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಮನುಷ್ಯರು ತಲೆತಲೆಮಾರು ಆರಿಸಿದ್ದರಿಂದ ಕಾಡುದನ ಸಾಕುದನವಾಯಿತು. ಡಾರ್ವಿನ್ 1859ರ ತನ್ನ ಪುಸ್ತಕವನ್ನು ಶುರು ಮಾಡಿದ್ದೂ ಇಂಥ ಆಯ್ಕೆಯಿಂದಲೇ. ಜೀವಿಯ ಗುಣ ಬದಲಾಗುತ್ತದೆ, ಅದಕ್ಕೆ ಕಾರಣಗಳಿರುತ್ತವೆ.

ಜಾತಿಗೂ ಕಾರಣವಿದೆ. ಒಳಮದುವೆಯೇ ಜಾತಿಯ ಜೀವಾಳ ಎಂದು ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಾದಿಸಿದರು. ಸರಿಯಾಗಿ ನೂರು ವರ್ಷದ ನಂತರ, 2016ರಲ್ಲಿ, ನಮ್ಮ ದೇಶದ ವಿಜ್ಞಾನಿಗಳು ವಂಶವಾಹಿಗಳನ್ನು ಓದಿ ಹೇಳಿದರು: ಇಲ್ಲಿನ ಮಂದಿ ಮೊದಲು ಒಬ್ಬರಲ್ಲೊಬ್ಬರು ಬೆರೆತವರು, ಸುಮಾರು 70 ತಲೆಮಾರುಗಳ ಹಿಂದೆ, ಮುಖ್ಯವಾಗಿ ಮೇಲ್ಜಾತಿಗಳಲ್ಲಿ, ಆ ಬೆರಕೆ ನಿಂತಿತು. ಬೂದಿಹಾಳದ ದೊಡ್ಡಿ ಅದಕ್ಕಿಂತ ಎಷ್ಟೋ ಹಳೆಯದು.

ಹಾಗಾದರೆ ಬೇಲಿ ಹಾಕಿ ಕಾಪಾಡಿದ್ದೇನು? ಶುದ್ಧಿಯೇ? ವೈಶ್ಯರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಒಂದು ಬಗೆಯ ಔಷಧಿಯಿಂದ ಸ್ನಾಯುಗಳು ಬಹಳ ಹೊತ್ತು ನಿಶ್ಚಲವಾಗುತ್ತವೆ. ಈ ದೋಷ ಅವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಚಿಕ್ಕ ಗುಂಪಿನೊಳಗೇ ಮದುವೆ ಸುತ್ತಿದರೆ ಅಡಗಿದ ದೋಷವೂ ಅಲ್ಲೇ ಸುತ್ತುತ್ತದೆ.

ನಮ್ಮ ಗೆಳೆಯರಿಗೂ ಒಂದು ಮಾತು. 'ನಾವೇ ಮೂಲನಿವಾಸಿಗಳು, ನಮ್ಮ ರಕ್ತವೇ ಬೇರೆ' ಎಂಬ ಘೋಷಣೆ ಕೇಳಲು ಚೆಂದ. ಖರೇ ಅಂದರೆ ಅದೂ ಮನುವಿನ ಮಾತೇ, ತಿರುಗಿಸಿ ಹಾಕಿದ್ದು ಅಷ್ಟೆ. ನಮ್ಮ ಕೇರಿಯೊಳಗೂ ಬೆರೆತ ರಕ್ತವೇ ಹರಿಯುತ್ತಿದೆ. ನಾವು ಹಕ್ಕು ಕೇಳಬೇಕಾದ್ದು ರಕ್ತದ ಹೆಸರಲ್ಲಿ ಅಲ್ಲ, ನಡೆದ ಅನ್ಯಾಯದ ಹೆಸರಲ್ಲಿ. ಜಾತಿ ಮುರಿಯಲು ಅಂತರ್ಜಾತಿ ಮದುವೆಯೇ ಮದ್ದು ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ಆ ಮದ್ದನ್ನು ನಮ್ಮ ಒಳಜಾತಿಗಳ ನಡುವೆಯಾದರೂ ಮೊದಲು ಕುಡಿಯೋಣ.