ಒಂದೂವರೆ ಇಂಚಿನ ಶಾಫ್ಟು, ಒಂದು ಮೀಟರಿನ ರೈಲು

ಹೋದ ಬೇಸಿಗೆಯಲ್ಲಿ ತರೀಕೆರೆಗೆ ಹೋದಾಗ ದೊಡ್ಡಪ್ಪನ ಹಿಟ್ಟಿನ ಗಿರಣಿ ಬಾಗಿಲು ಹಾಕಿತ್ತು. ಶಾಫ್ಟು ಮುರಿದಿತ್ತು. ಬೆಳಗಿನ ಹೊತ್ತು, ರಾಗಿ ಬೀಸಿಸಲು ನಾಲ್ಕು ಜನ ಡಬ್ಬ ಹಿಡಿದು ನಿಂತಿದ್ದಾಗಲೇ ಬೆಲ್ಟು ಹಾರಿ ಗೋಡೆಗೆ ಬಡಿಯಿತಂತೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. "ಕಬ್ಬಿಣಕ್ಕೂ ವಯಸ್ಸಾಗುತ್ತೆ ಕಣೋ" ಅಂದರು ದೊಡ್ಡಪ್ಪ.

ಆದರೆ ಮುರಿದ ತುಂಡು ನೋಡಿದರೆ ಅದು ವಯಸ್ಸಿನ ಸಾವಲ್ಲ. ಮುರಿದ ಮುಖದ ತುಂಬಾ ನುಣ್ಣಗೆ, ಮರದ ಉಂಗುರಗಳ ಹಾಗೆ ಗೆರೆಗಳು. ಒಂದು ಮೂಲೆಯಲ್ಲಿ ಮಾತ್ರ ಒರಟು. ಅಂದರೆ ಬಿರುಕು ಎಷ್ಟೋ ದಿನದಿಂದ ಸ್ವಲ್ಪ ಸ್ವಲ್ಪವಾಗಿ ಬೆಳೆದು, ಕೊನೆಗೆ ಉಳಿದಿದ್ದ ಆ ಚೂರು ಒಂದೇ ಸಲಕ್ಕೆ ಮುರಿದಿದೆ. ಮುರಿದ ಜಾಗವೂ ನೇರವಾಗಿ ಮೆಟ್ಟಿಲ ಮೂಲೆ. ಒಂದೂವರೆ ಇಂಚಿನ ಶಾಫ್ಟನ್ನು ತುದಿಯಲ್ಲಿ 35 ಎಂ.ಎಂ.ಗೆ ಇಳಿಸಿ ಕಡೆದಿದ್ದರು, ಬೇರಿಂಗ್ ಕೂರಿಸಲು. ಆ ಮೆಟ್ಟಿಲಲ್ಲೇ ಹೋಗಿದೆ.

ಯಾಕೆ ಇಳಿಸಿದರು? ಇದರ ಹಿಂದೆ ಒಂದು ಕಥೆಯಿದೆ. ಅದು ಗಿರಣಿಯಿಂದ ಶುರುವಾಗಿ ತರೀಕೆರೆ ರೈಲ್ವೆ ಸ್ಟೇಷನ್‌ವರೆಗೂ ಹೋಗುತ್ತೆ. ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ :-)

ಹಳೇ ಗಿರಣಿಗಳಲ್ಲಿ ಶಾಫ್ಟು ತಿರುಗುತ್ತಿದ್ದದ್ದು ಗನ್ ಮೆಟಲ್ ಬುಷ್‌ನಲ್ಲಿ. ಬುಷ್‌ನ ತೂತನ್ನು ಶಾಫ್ಟಿಗೆ ತಕ್ಕ ಹಾಗೆ ಕೊರೆಯಬಹುದು. ಹಾಗಾಗಿ ಶಾಫ್ಟು ಒಂದೂವರೆ ಇಂಚಿದ್ದರೇನು, ಸವೆದು ಸ್ವಲ್ಪ ಕಮ್ಮಿಯಾಗಿದ್ದರೇನು, ಯಾರಿಗೂ ತಲೆನೋವಿಲ್ಲ. ಬಾಲ್ ಬೇರಿಂಗ್ ಬಂದ ಮೇಲೆ ಆಟ ಬದಲಾಯಿತು. ಅದರ ಅಳತೆ ಫ್ಯಾಕ್ಟರಿಯಲ್ಲೇ ನಿರ್ಧಾರ. ಬಾಲ್ ಬೇರಿಂಗ್ ಬೆಳೆದದ್ದು ಜರ್ಮನಿ, ಸ್ವೀಡನ್‌ಗಳಲ್ಲಿ, ಹಾಗಾಗಿ ಅದರ ಸಾಮಾನ್ಯ ಅಳತೆಯೆಲ್ಲ ಮೊದಲಿಂದಲೂ ಮಿಲಿಮೀಟರ್. ನಂಬರ್‌ನಲ್ಲೇ ಗುಟ್ಟಿದೆ. 6205 ಅಂದರೆ ಕೊನೆಯ ಎರಡಂಕಿ 05, ಐದರಿಂದ ಗುಣಿಸಿ, ಒಳತೂತು 25 ಎಂ.ಎಂ. 6207 ಅಂದರೆ 35, 6208 ಅಂದರೆ 40. (04ರಿಂದ ಮೇಲಕ್ಕೆ ಈ ಲೆಕ್ಕ.) ಒಂದೂವರೆ ಇಂಚು ಅಂದರೆ 38.1 ಎಂ.ಎಂ. ಅದು 35ಕ್ಕೂ ಸೇರಲ್ಲ, 40ಕ್ಕೂ ಸೇರಲ್ಲ, ಅತ್ತೆ ಮನೆಗೂ ತವರಿಗೂ ನಡುವೆ ನಿಂತ ಹಾಗೆ. ಇಂಚಿನ ತೂತಿನ ಬೇರಿಂಗೂ ಮಾಡುತ್ತಾರೆ, ಇಲ್ಲವೆಂದಲ್ಲ. ಬಂದ್ ಆದ ಗಿರಣಿಯ ಮುಂದೆ ಗಿರಾಕಿ ನಿಂತಿರುವಾಗ ಊರಿನ ಅಂಗಡಿಯಲ್ಲಿ ಏನು ಸಿಗುತ್ತೋ ಅದೇ ಬೇರಿಂಗ್.

ಆಗ ಯಾರೋ ಸುಲಭದ ದಾರಿ ಹಿಡಿದರು: ಶಾಫ್ಟನ್ನೇ 35ಕ್ಕೆ ಕಡೆದರು. ಮೂರು ಎಂ.ಎಂ. ತಾನೇ ಅನ್ನಿಸುತ್ತೆ. ಆದರೆ ತಿರುಚುವ ಬಲವನ್ನು ಶಾಫ್ಟು ತಡೆಯುವುದು ವ್ಯಾಸದ ಘನದ ಲೆಕ್ಕದಲ್ಲಿ. 35ರ ಘನವನ್ನು 38.1ರ ಘನದಿಂದ ಭಾಗಿಸಿ ನೋಡಿ, 0.775 ಬರುತ್ತೆ. ನೂರರಲ್ಲಿ 22 ಪಾಲು ಬಲ ಹೋಯಿತು. ಮೇಲಿಂದ ಮೆಟ್ಟಿಲ ಮೂಲೆಯನ್ನು ದುಂಡಗೆ ಬಿಡದೆ ಚೂಪಾಗಿ ಕಡೆದಿದ್ದರು. ಬಿರುಕಿಗೆ ಅದಕ್ಕಿಂತ ಒಳ್ಳೇ ಹುಟ್ಟೂರು ಇಲ್ಲ.

ಈಗ ರೈಲ್ವೆ ಸ್ಟೇಷನ್‌ಗೆ ಬರೋಣ. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮೀಟರ್ ಗೇಜ್. ಹೆಸರಲ್ಲೇ ಮೀಟರ್ ಇದೆ ನೋಡಿ! ಅಡಿ, ಇಂಚು, ಪೌಂಡು ಅಂತ ಬದುಕುತ್ತಿದ್ದ ಬ್ರಿಟಿಷರು ಮೀಟರನ್ನು ಯಾಕೆ ಹಿಡಿದರು? 1870ರ ಸುಮಾರಿಗೆ, ಲಾರ್ಡ್ ಮೇಯೊ ವೈಸರಾಯ್ ಆಗಿದ್ದಾಗ, ಇಂಡಿಯಾಕ್ಕೆ ಮೆಟ್ರಿಕ್ ಪದ್ಧತಿ ತರುವ ಮಾತು ಜೋರಾಗಿತ್ತು. ಕಡಿಮೆ ಖರ್ಚಿನ ಕಿರಿದಾದ ಹಳಿಗೆ ಮೊದಲು 3 ಅಡಿ 3 ಇಂಚು ಅಂತ ಅಂದುಕೊಂಡಿದ್ದವರು, ಹೇಗೂ ಮೆಟ್ರಿಕ್ ಬರುತ್ತಲ್ಲ ಅಂತ ಇಂಚಿನ ಎಂಟರಲ್ಲಿ ಮೂರು ಪಾಲು ಸೇರಿಸಿ ಅದನ್ನು ಒಂದು ಮೀಟರ್ ಮಾಡಿದರು. ಕಾಯ್ದೆಯೂ ಆಯಿತು, ಆದರೆ ಜಾರಿಯಾಗಲಿಲ್ಲ. ರೈಲು ಮಾತ್ರ ಉಳಿಯಿತು. ಅಂದರೆ ನಮ್ಮ ಊರಲ್ಲಿ ಎರಡು ಹಳಿಗಳ ನಡುವೆ ಮೀಟರ್ ಇತ್ತು, ಅದರ ಮೇಲೆ ಓಡುವ ಎಂಜಿನ್ನು, ಅಚ್ಚು, ಬೋಲ್ಟು ಎಲ್ಲ ಇಂಚು.

ಹತ್ತಿರದ ಭದ್ರಾವತಿಯದೂ ಇದೇ ಭಾಷೆ. ನಮ್ಮ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ಮೇಲೆ ತಣಿಗೇಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾಯಿತು, ಇದ್ದಿಲಿನ ಕುಲುಮೆಯಲ್ಲಿ. 1936ರಲ್ಲಿ ಉಕ್ಕು ಬಂತು. ಆ ಕಾಲದ ಕಂಬಿ ಕೇಳಬೇಕಾದರೆ ಇಂಚು, ನೂಲು. ಇಂಚಿಗೆ ಎಂಟು ನೂಲು (ಕೆಲವರ ಬಾಯಲ್ಲಿ ಸೂತು). ಮೂರು ನೂಲಿನ ಕಂಬಿ, ನಾಲ್ಕು ನೂಲಿನ ಕಂಬಿ. ಇವತ್ತಿಗೂ ಬಾರ್ ಬೆಂಡಿಂಗ್ ಕೆಲಸದವರು ಹಾಗೇ ಕೇಳುವುದನ್ನು ನೀವೂ ಕೇಳಿರಬಹುದು.

ಕೊನೆಗೂ ಮೆಟ್ರಿಕ್ ಬಂದದ್ದು ಸ್ವಾತಂತ್ರ್ಯದ ನಂತರ. 1956ರ ಕೊನೆಯಲ್ಲಿ ಕಾಯ್ದೆ, 1957ರ ಏಪ್ರಿಲ್ 1ಕ್ಕೆ ನಯಾಪೈಸೆ, 1958ರ ಅಕ್ಟೋಬರ್‌ನಿಂದ ಕಿಲೋ, 1962ರ ಹೊತ್ತಿಗೆ ಕಡ್ಡಾಯ. ಐ.ಎಸ್.ಐ.ನವರು ಗುಂಡು ಮತ್ತು ಚೌಕ ಕಂಬಿಗಳಿಗೆ ಐ.ಎಸ್. 1732 ಅಂತ ಮಿಲಿಮೀಟರಿನ ಪಟ್ಟಿ ಮಾಡಿದರು. ಮನೆ ಕಟ್ಟುವ ಕಂಬಿಯ ಪಟ್ಟಿ ನಮಗೆಲ್ಲ ಗೊತ್ತು: 6, 8, 10, 12, 16, 20, 25, 32, 40. 14, 18 ಯಾಕೆ ಸಾಮಾನ್ಯವಾಗಿ ಸಿಗಲ್ಲ ಅಂತ ನನಗೆ ಚಿಕ್ಕಂದಿನಿಂದ ಅನುಮಾನ. ಇದರ ಮೂಲ ಚಾರ್ಲ್ಸ್ ರೆನಾರ್ ಅನ್ನುವ ಫ್ರೆಂಚ್ ಸೈನ್ಯದ ಎಂಜಿನಿಯರ್. 1870ರ ದಶಕದಲ್ಲಿ ಬಲೂನುಗಳಿಗೆ ಬಳಸುತ್ತಿದ್ದ 425 ಬಗೆಯ ಹಗ್ಗಗಳನ್ನು ಅವನು 17ಕ್ಕೆ ಇಳಿಸಿದ. ಕೂಡಿಸುತ್ತಾ ಹೋಗುವ ಬದಲು ಗುಣಿಸುತ್ತಾ ಹೋದ, ಅಷ್ಟೇ. ಹತ್ತು ಹೆಜ್ಜೆಗೆ ಹತ್ತರಷ್ಟು ಅಂದರೆ 10, 12.5, 16, 20, 25, 31.5, 40... ನಮ್ಮ ಕಂಬಿಯ ಪಟ್ಟಿ ಹೆಚ್ಚುಕಮ್ಮಿ ಇದೇ.

ಆದರೆ ಹಳೇ ನಕ್ಷೆ ಇಟ್ಟುಕೊಂಡು ಹೊಸ ಕಂಬಿ ತರುವಾಗ ಎಡವುತ್ತೇವೆ. ಮೂರು ನೂಲು 9.5 ಎಂ.ಎಂ., 10 ಹಾಕಿದರೆ ಲಾಭ. ಐದು ನೂಲಿಗೆ 16, ಸರಿಸಮ. ನಾಲ್ಕು ನೂಲು ಮಾತ್ರ 12.7. "ಅದೇ ಸಾರ್, ಹನ್ನೆರಡು" ಅಂತ ಕೊಡುತ್ತಾರೆ. ಕಂಬಿಯ ವಿಸ್ತೀರ್ಣ ನೂರಕ್ಕೆ ಸುಮಾರು 11 ಕಮ್ಮಿ. ಎಂಟು ಕಂಬಿ ಇದ್ದ ಕಡೆ ಒಂಬತ್ತು ಬೇಕು. ಮೊದಲ ಮಹಡಿ ಕಟ್ಟಿದಾಗಿನ ನಾಲ್ಕು ನೂಲಿನ ನಕ್ಷೆಯನ್ನೇ ಎರಡನೇ ಮಹಡಿಗೂ ಎಷ್ಟು ಜನ ಬಳಸಿದ್ದಾರೋ!

ಶಾಫ್ಟಿಗೂ ಇದೇ ಮಾತು. ಬೇರಿಂಗ್ ಪಟ್ಟಿ ಐದೈದರಲ್ಲಿ ಓಡುತ್ತೆ: 20, 25, 30, 35, 40, 45. ಕಂಬಿಯ ಪಟ್ಟಿ ಗುಣಾಕಾರದಲ್ಲಿ. ಎರಡರಲ್ಲೂ ಇರುವುದು 20, 25, 40. ಹೊಸ ಯಂತ್ರ ಮಾಡುವವರು ಮೊದಲು ಇವನ್ನೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಗಂತ 40ರ ಕಪ್ಪು ರಾಡು ತಂದು ನೇರ ಬೇರಿಂಗ್ ಹಾಕಲು ಬರಲ್ಲ. ಬಿಸಿಯಲ್ಲಿ ಉರುಳಿಸಿದ ಆ ರಾಡಿನ ಮೈ ಒರಟು, ಅಳತೆ ಅರ್ಧ ಎಂ.ಎಂ. ಆಚೀಚೆ. ಬ್ರೈಟ್ ಬಾರ್ ನುಣ್ಣಗಿರುತ್ತೆ, ಆದರೆ ಸಾಮಾನ್ಯ ಎಚ್9 ದರ್ಜೆಯ 40ರ ಬಾರ್ 0.062 ಎಂ.ಎಂ.ವರೆಗೂ ಸಣ್ಣದಿರಬಹುದು. ಒತ್ತಿ ಕೂರಿಸುವ ಬೇರಿಂಗ್‌ಗೆ ಅದೂ ಸಡಿಲ. ಸ್ಕ್ರೂ ಬಿಗಿಯುವ ಪೆಡಸ್ಟಲ್ ಬೇರಿಂಗ್ ಆದರೆ ನಡೆಯುತ್ತೆ.

ನಮ್ಮ ಲೇಥ್ ಮೇಸ್ತ್ರಿ ಇದನ್ನೆಲ್ಲ ಲೆಕ್ಕ ಹಾಕಿ ಹೇಳಲಿಲ್ಲ. ದೊಡ್ಡಪ್ಪ "ಹಳೇ ಸೈಜಿಗೇ ಮಾಡಿಬಿಡಿ ಮೇಸ್ತ್ರಿ, ಪುಲ್ಲಿ ಎಲ್ಲಾ ಹಾಗೇ ಕೂರುತ್ತೆ" ಅಂದರು. ಮೇಸ್ತ್ರಿ ತುಂಡನ್ನು ತಿರುಗಿಸಿ ನೋಡಿ, "ಬೇಡ ಅಣ್ಣ. ನಲವತ್ತು ಹಾಕೋಣ. ತೂತು ದೊಡ್ಡದು ಮಾಡಬಹುದು, ರಾಡು ದಪ್ಪ ಮಾಡಕ್ಕಾಗಲ್ಲ" ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ. 40ಕ್ಕೆ ಹೋದರೆ ಬಲ ಹಳೇ ಒಂದೂವರೆ ಇಂಚಿಗಿಂತ ನೂರಕ್ಕೆ 16 ಜಾಸ್ತಿ. ಬೀಡಿನ ಪುಲ್ಲಿಯ ತೂತನ್ನು 38.1ರಿಂದ 40ಕ್ಕೆ ಕೊರೆದರೆ ಪ್ರತಿ ಪಕ್ಕ ಒಂದು ಎಂ.ಎಂ. ಕೂಡ ಹೋಗಲ್ಲ. ಚಾವಿಯ ಗಾಡಿ ಮುಂಚೆ ಮೂರು ನೂಲಿತ್ತು, ಈಗ 12 ಎಂ.ಎಂ.; ಅಗಲ ಮಾಡಿದರಾಯಿತು. ಮಾಲು ತಂದದ್ದು 45ರ ಕಪ್ಪು ರಾಡು, ಇ.ಎನ್. 8. (ಈ ಹೆಸರೂ ಮಜವಾಗಿದೆ: ಎರಡನೇ ಮಹಾಯುದ್ಧದ ಹೊತ್ತಲ್ಲಿ, 1941ರಲ್ಲಿ, ಬ್ರಿಟಿಷರು ಉಕ್ಕುಗಳಿಗೆ ಕೊಟ್ಟ ತುರ್ತು ನಂಬರು. ಯುದ್ಧ ಮುಗಿದು ಇಷ್ಟು ವರ್ಷವಾದರೂ ನಮ್ಮ ಅಂಗಡಿಗಳಲ್ಲಿ ತುರ್ತು ಮುಗಿದಿಲ್ಲ.) ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ ಇಷ್ಟು ಕಿಲೋ ಅಂತ ಬರುತ್ತೆ. 45ಕ್ಕೆ ಹನ್ನೆರಡೂವರೆ ಕಿಲೋ. ನಾಲ್ಕೂವರೆ ಅಡಿಗೆ ಹದಿನೇಳು ಕಿಲೋ ಚಿಲ್ಲರೆ. ತಕ್ಕಡಿಯೂ ಹಾಗೇ ತೋರಿಸಿತು.

ಭದ್ರಾವತಿಯ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು, ಅದೇ ವರ್ಷ ಬಾರ್ ಮಿಲ್ಲು ಮತ್ತೆ ತಿರುಗಿದ ಸುದ್ದಿಯೂ ಬಂತು. ಇನ್ನು ನಮ್ಮ ರೈಲು? 1990ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಅಂತ ಹಳಿ ಬದಲಾಯಿತು, ತರೀಕೆರೆಗೆ ಬ್ರಾಡ್ ಗೇಜ್ ಬಂತು. ಅದು ಐದೂವರೆ ಅಡಿ. ದೇಶವೆಲ್ಲ ಇಂಚಿನಿಂದ ಮೀಟರಿಗೆ ಬಂದ ಮೇಲೆ ನಮ್ಮ ಊರಿನ ಹಳಿ ಮೀಟರಿನಿಂದ ಅಡಿಗೆ ಹೋಯಿತು :-)

ಮೇಸ್ತ್ರಿ ಬಿಲ್ಲು ಬರೆದುಕೊಟ್ಟರು, ಸಿಗರೇಟ್ ಪ್ಯಾಕಿನ ಹಿಂದೆ: "ಶಾಫ್ಟು 40 ಎಂ.ಎಂ., ನಾಲ್ಕೂವರೆ ಅಡಿ, 17 ಕಿಲೋ, ಗಾಡಿ ಎರಡು." ದೊಡ್ಡಪ್ಪ ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡು ಗಿರಣಿಯ ಸ್ವಿಚ್ಚು ಹಾಕಿದರು. ನಿಮ್ಮ ಕಡೆ ಇಂಚಿನ ಎಂಟನೇ ಪಾಲಿಗೆ ಏನಂತಾರೆ? ನೂಲೋ, ಸೂತೋ?