ಹಳ್ಳಿಗೆ ಅಂತರ್ಜಾಲ: ಸರ್ಕಾರದ ಹೊಣೆ ಎಲ್ಲಿಯವರೆಗೆ?

ಗ್ರಾಮೀಣ ಪ್ರದೇಶಗಳಿಗೆ ಅಂತರ್ಜಾಲ ಸೇವೆಯನ್ನು ಸರ್ಕಾರವೇ ಒದಗಿಸಬೇಕೇ ಅಥವಾ ಆ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಬಿಡಬೇಕೇ ಎಂಬುದು ಭಾರತದಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿರುವ ವಿಷಯ. 2011ರಿಂದೀಚಿನ ಅನುಭವವನ್ನು ಗಮನಿಸಿದರೆ, ಕೇಬಲ್ ಹಾಕುವವರು ಯಾರು ಎಂಬುದಕ್ಕಿಂತ, ಹಾಕಿದ ಕೇಬಲ್ ಕೆಟ್ಟಾಗ ಅದನ್ನು ಸರಿಪಡಿಸುವವರು ಯಾರು ಎಂಬ ಪ್ರಶ್ನೆಯೇ ಹೆಚ್ಚು ಮಹತ್ವದ್ದೆಂದು ತಿಳಿಯುತ್ತದೆ.

ಹಣದ ಮೂಲ

ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ನಿಗದಿತ ಪಾಲನ್ನು ಗ್ರಾಮೀಣ ಸೇವೆಗೆಂದು ಸರ್ಕಾರಕ್ಕೆ ಸಲ್ಲಿಸಬೇಕೆಂಬ ವ್ಯವಸ್ಥೆ 2002ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಈ ಪಾಲು ಹೊಂದಾಣಿಕೆಯ ಒಟ್ಟು ಆದಾಯದ ಶೇ 5ರಷ್ಟು. ಮೊದಲು ಸ್ಥಿರ ದೂರವಾಣಿಗಷ್ಟೇ ಮೀಸಲಾಗಿದ್ದ ಈ ನಿಧಿಯ ವ್ಯಾಪ್ತಿಗೆ 2006ರ ಕಾಯ್ದೆ ತಿದ್ದುಪಡಿಯ ಮೂಲಕ ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಸೇವೆಗಳೂ ಸೇರಿದವು. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ‘ಡಿಜಿಟಲ್ ಭಾರತ್ ನಿಧಿ’ ಎಂಬ ಹೊಸ ಹೆಸರು ನೀಡಿದೆ. ನಗರದ ಗ್ರಾಹಕರು ಪಾವತಿಸುವ ಶುಲ್ಕದ ಒಂದಂಶ ಹಳ್ಳಿಯ ಸಂಪರ್ಕಕ್ಕೆ ಸಲ್ಲುವುದು ಹೀಗೆ.

ಭಾರತ್‌ನೆಟ್ ನಡೆದು ಬಂದ ದಾರಿ

ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಮೂಲಕ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯ ಒದಗಿಸುವುದು ಗುರಿಯಾಗಿತ್ತು. ಬಿಎಸ್‌ಎನ್‌ಎಲ್, ರೈಲ್‌ಟೆಲ್ ಹಾಗೂ ಪವರ್‌ಗ್ರಿಡ್ ಸಂಸ್ಥೆಗಳು ಕೇಬಲ್ ಹಾಕುವ ಹೊಣೆ ಹೊತ್ತವು. 2015ರಲ್ಲಿ ಯೋಜನೆಗೆ ‘ಭಾರತ್‌ನೆಟ್’ ಎಂದು ಹೆಸರಿಡಲಾಯಿತು. ಕರ್ನಾಟಕವೂ ಸೇರಿದ್ದ ಮೊದಲ ಹಂತದಲ್ಲಿ, 2017ರ ಡಿಸೆಂಬರ್ ವೇಳೆಗೆ ಒಂದು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳನ್ನು ಕೇಬಲ್ ತಲುಪಿತು.

ಆದರೆ ಕೇಬಲ್ ತಲುಪಿದ ಮಾತ್ರಕ್ಕೆ ಸೇವೆ ತಲುಪಲಿಲ್ಲ. ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಯವರೆಗೆ ಕೇಬಲ್ ಒಂದೇ ಎಳೆಯಾಗಿ ಸಾಗುತ್ತಿತ್ತು. ರಸ್ತೆ ಅಗಲೀಕರಣಕ್ಕೋ ನೀರಿನ ಪೈಪಿಗೋ ನೆಲ ಅಗೆದಾಗ ಒಂದೆಡೆ ತುಂಡಾದರೂ ಅದರಾಚೆಯ ಸಂಪರ್ಕವೆಲ್ಲ ನಿಲ್ಲುತ್ತಿತ್ತು. ಪಂಚಾಯಿತಿ ಕಚೇರಿಯಲ್ಲಿ ವಿದ್ಯುತ್ ಹೋದರೆ ಉಪಕರಣವೂ ಸ್ಥಗಿತ. ಅಲ್ಲಿಂದ ಮನೆ, ಶಾಲೆ, ಆಸ್ಪತ್ರೆಗೆ ಸಂಪರ್ಕ ಕೊಡುವವರು ಯಾರೆಂಬುದೂ ಸ್ಪಷ್ಟವಿರಲಿಲ್ಲ. ಕೆರೆ ಕಟ್ಟಿಸಿ, ನೀರಗಂಟಿಯನ್ನು ನೇಮಿಸದೆ ಬಿಟ್ಟಂತಹ ಸ್ಥಿತಿ ಇದು.

ಖಾಸಗಿ ವಲಯದ ಮಿತಿ

2016ರಲ್ಲಿ ಜಿಯೊ ಪ್ರವೇಶದ ಬಳಿಕ ಮೊಬೈಲ್ ಡೇಟಾ ದರ ತೀವ್ರವಾಗಿ ಕುಸಿಯಿತು. ಸರ್ಕಾರ ಸಾವಿರಾರು ಕೋಟಿ ರೂಪಾಯಿ ಸುರಿದು ಸಾಧಿಸಲಾಗದ್ದನ್ನು ಪೈಪೋಟಿಯೇ ಸಾಧಿಸಿತು ಎಂಬ ವಾದಕ್ಕೆ ಇದೇ ಆಧಾರ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಗ್ರಾಹಕರು ವಿರಳವಾಗಿರುವಲ್ಲಿ ಗೋಪುರ ನಿಲ್ಲಿಸಿದರೆ ಹಾಕಿದ ಬಂಡವಾಳ ಹಿಂದಿರುಗುವುದಿಲ್ಲ. ಮನೆಗಳು ದೂರದೂರವಿರುವ ಮಲೆನಾಡಿನ ಊರುಗಳ ಕಷ್ಟವೂ ಇದೇ. ಪೈಪೋಟಿಯ ಕಾಲದಲ್ಲೂ ಸಂಪರ್ಕ ಕಾಣದೆ ಉಳಿದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಮಂಜೂರು ಮಾಡಬೇಕಾಯಿತು.

ಭಾರತ್‌ನೆಟ್‌ನಲ್ಲೇ ಖಾಸಗಿ ಸಹಭಾಗಿತ್ವಕ್ಕೂ ಪ್ರಯತ್ನ ನಡೆದಿದೆ. 2021ರ ಜೂನ್‌ನಲ್ಲಿ ಕರ್ನಾಟಕ ಸೇರಿದಂತೆ 16 ರಾಜ್ಯಗಳಿಗೆ ಈ ಮಾದರಿಯನ್ನು ಅನುಮೋದಿಸಿ, 19,041 ಕೋಟಿ ರೂಪಾಯಿವರೆಗೆ ನೆರವು ಪ್ರಕಟಿಸಲಾಗಿತ್ತು. ಆ ಟೆಂಡರ್ ಫಲಿಸಲಿಲ್ಲ.

ಸೌಲಭ್ಯವಲ್ಲ, ಅನಿವಾರ್ಯ

ಸರ್ಕಾರದ ಹೊಣೆಯನ್ನು ಅಳೆಯುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅಂತರ್ಜಾಲವನ್ನು ಹಳ್ಳಿಗರ ಪಾಲಿಗೆ ಕಡ್ಡಾಯವಾಗಿಸಿದ್ದು ಬಹುಮಟ್ಟಿಗೆ ಸರ್ಕಾರವೇ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಜಾರಿಯಾದಂತೆ ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು, ಬಳಿಕ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2022ರಿಂದ ‘ಗ್ರಾಮ ಒನ್’ ಕೇಂದ್ರಗಳು, ಹೀಗೆ ಸೇವೆಗಳೆಲ್ಲ ಗಣಕಯಂತ್ರದ ಮೂಲಕವೇ ಸಾಗಿದವು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಬಂದಿತು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕಾಮಗಾರಿಯ ಹಾಜರಾತಿಯನ್ನು ಮೊಬೈಲ್ ಮೂಲಕ ದಾಖಲಿಸುವುದು ಕಡ್ಡಾಯವಾಯಿತು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತಿಗೆ ಕೂಲಿಕಾರರು ತೆರುವ ಬೆಲೆ ಒಂದು ದಿನದ ದುಡಿಮೆ.

ನ್ಯಾಯಾಲಯಗಳೂ ಈ ವಿಷಯವನ್ನು ಪರಿಶೀಲಿಸಿವೆ. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಾಗೂ ಖಾಸಗಿತನದ ಹಕ್ಕುಗಳ ಭಾಗವೆಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿತು. ಆ ರಾಜ್ಯ ತನ್ನದೇ ಜಾಲವಾದ ‘ಕೆ-ಫೋನ್’ ಅನ್ನು 2023ರ ಜೂನ್‌ನಲ್ಲಿ ಉದ್ಘಾಟಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ನೀಡುವುದು ಅದರ ಘೋಷಿತ ಗುರಿಯಾಗಿತ್ತು.

ನಿರ್ವಹಣೆಗೆ ಒತ್ತು

2023ರ ಆಗಸ್ಟ್‌ನಲ್ಲಿ ಅನುಮೋದನೆಗೊಂಡ ಪರಿಷ್ಕೃತ ಭಾರತ್‌ನೆಟ್‌ನ ವೆಚ್ಚ 1,39,579 ಕೋಟಿ ರೂಪಾಯಿ. ಒಂದೆಡೆ ಕೇಬಲ್ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಮುಂದುವರಿಯುವಂತೆ ಜಾಲವನ್ನು ಉಂಗುರದ ಆಕಾರದಲ್ಲಿ ಹೆಣೆಯುವುದು, ಗುತ್ತಿಗೆಯಲ್ಲೇ 10 ವರ್ಷಗಳ ನಿರ್ವಹಣೆಯನ್ನು ಸೇರಿಸುವುದು, ಸ್ಥಳೀಯ ಉದ್ಯಮಿಗಳ ಮೂಲಕ ಮನೆಗಳಿಗೆ ಸಂಪರ್ಕ ನೀಡುವುದು ಇದರ ಮುಖ್ಯ ಅಂಶಗಳು. ಹಿಂದಿನ ಲೋಪದಿಂದ ಪಾಠ ಕಲಿತ ಲಕ್ಷಣ ಇಲ್ಲಿದೆ.

ಪ್ರತಿ ಮನೆಗೂ ಸರ್ಕಾರವೇ ಬಿಲ್ಲು ಕಳುಹಿಸಬೇಕಾದ ಅಗತ್ಯವಿಲ್ಲ. ಆ ಕೆಲಸವನ್ನು ಖಾಸಗಿಯವರು ಸಮರ್ಥವಾಗಿ ಮಾಡಬಲ್ಲರು. ಆದರೆ ಲಾಭವಿಲ್ಲದ ಊರಿಗೂ ಜಾಲ ಒಯ್ಯುವುದು, ಅದನ್ನು ಎಲ್ಲ ಸೇವಾದಾರರಿಗೂ ಸಮಾನವಾಗಿ ತೆರೆದಿಡುವುದು ಮತ್ತು ಕೆಟ್ಟಾಗ ಗೊತ್ತಾದ ಅವಧಿಯೊಳಗೆ ಸರಿಪಡಿಸುವುದು ಸರ್ಕಾರದ ಹೊಣೆಯೇ. ಪಡಿತರಕ್ಕೂ ಪಹಣಿಗೂ ಅಂತರ್ಜಾಲವನ್ನು ಕಡ್ಡಾಯ ಮಾಡಿದ ಮೇಲೆ, ಅದು ದೊರೆಯದ ದಿನದ ನಷ್ಟವನ್ನು ಹಳ್ಳಿಗರೇ ಭರಿಸಲಿ ಎನ್ನುವುದು ನ್ಯಾಯವಾಗದು. ಎಷ್ಟು ಕಿಲೋಮೀಟರ್ ಕೇಬಲ್ ಹಾಕಲಾಯಿತು ಎಂಬುದರ ಜತೆಗೆ, ವರ್ಷದಲ್ಲಿ ಎಷ್ಟು ದಿನ ಅದು ಕೆಲಸ ಮಾಡಿತು ಎಂಬ ಲೆಕ್ಕವನ್ನೂ ಪಂಚಾಯಿತಿವಾರು ಕೇಳುವುದು ಆ ಹೊಣೆಯ ನಿಜವಾದ ಅಳತೆಗೋಲು.