ಉಸಿರಿನ ಸೋಂಕು ಕರುಳಿಗಿಳಿದ ಬಗೆ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೋವಿಡ್-19ರ ಮೊದಲ ಸಾವು ಅದೆಂದು ಎರಡು ದಿನಗಳ ಬಳಿಕ ದೃಢಪಟ್ಟಿತು. ಅದೇ ವರ್ಷ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಗೂ ಸೋಂಕು ಹಬ್ಬಿತು. ಆರಂಭದ ತಪಾಸಣೆಯಲ್ಲಿ ಮುಖ್ಯವಾಗಿ ಹುಡುಕುತ್ತಿದ್ದುದು ಜ್ವರ, ಕೆಮ್ಮು, ಉಸಿರಾಟದ ತೊಂದರೆಗಳನ್ನು. ಆದರೆ ಈ ರೋಗದಲ್ಲಿ ಕೆಲವರಿಗೆ ವಾಂತಿ, ಭೇದಿಯೂ ಆಗುತ್ತದೆ. ಉಸಿರಾಟದ ವೈರಸ್ಸಿಗೂ ಕರುಳಿಗೂ ಏನು ನಂಟು?

ಇದರ ಸುಳಿವು 2003ರಲ್ಲೇ ದೊರೆತಿತ್ತು. ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಂಕೀರ್ಣದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ತಗುಲಿತು. ಅವರಲ್ಲಿ ಬಹಳ ಮಂದಿಗೆ ಭೇದಿಯಿತ್ತು. ಶೌಚದ ಕೊಳವೆಗಳ ಮೂಲಕ ವೈರಸ್ ಹರಡಿರಬೇಕೆಂದು ತನಿಖೆ ತಿಳಿಸಿತು. ಅದು ಜೀವಕೋಶವನ್ನು ಹೊಕ್ಕಲು ಬಳಸುವ ಎಸಿಇ2 ಎಂಬ ಗ್ರಾಹಕ ಪ್ರೋಟೀನು ಅದೇ ವರ್ಷ ಪತ್ತೆಯಾಯಿತು. ಈ ಪ್ರೋಟೀನು ಸಣ್ಣಕರುಳಿನ ಒಳಪದರದಲ್ಲಿ ಹೇರಳವಾಗಿದೆ. ಕೋವಿಡ್ ವೈರಸ್ಸಿಗೂ ಇದೇ ಬಾಗಿಲು. ರೋಗಿಗಳ ಮಲದಲ್ಲೂ ಅದರ ಆರ್‌ಎನ್‌ಎ ಕಂಡುಬಂದಿತು.

ವೈರಸ್ ಕರುಳನ್ನು ಮುಟ್ಟದೆಯೂ ಹಾನಿಯಾಗಬಹುದು. ಫ್ಲೂ ತಗುಲಿದ ಇಲಿಗಳನ್ನು ಚೀನಾದ ಸಂಶೋಧಕರು ಪರೀಕ್ಷಿಸಿ 2014ರಲ್ಲಿ ಇದನ್ನು ತೋರಿಸಿದರು. ಶ್ವಾಸಕೋಶದಿಂದ ಹೊರಟ ಟಿ ಕೋಶಗಳು ಕರುಳನ್ನು ಸೇರಿ, ಅಲ್ಲಿನ ಬ್ಯಾಕ್ಟೀರಿಯಗಳ ಸಮತೋಲವನ್ನು ಕೆಡಿಸುತ್ತವೆ. ಇದರಿಂದ ಉರಿಯೂತ ಉಂಟಾಗುತ್ತದೆ.

2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯ ಲಕ್ಷಣಪಟ್ಟಿಯಲ್ಲಿ ಭೇದಿಯೂ ಇತ್ತು. ಬೇಸಿಗೆಯಲ್ಲಿ ಭೇದಿಯಾದರೆ ನೀರನ್ನೇ ದೂರುವುದು ರೂಢಿ. ಅದು ಬಹುಪಾಲು ಸರಿಯೇ. ಆದರೆ ಉಸಿರಿನ ಸೋಂಕು ಹಬ್ಬಿರುವಾಗ ಆ ಒಂದೇ ಕಾರಣಕ್ಕೆ ನಿಂತರೆ ರೋಗಿಯೊಬ್ಬನ ಪರೀಕ್ಷೆ ತಪ್ಪಿಹೋಗಬಹುದು, ಮನೆಮಂದಿಗೆಲ್ಲ ಸೋಂಕು ದಾಟಬಹುದು.